ಕೂಳೆ ಜೋಳದ ಸಿಟ್ಟು

ಇಂಗ್ಲಿಷಿನಲ್ಲಿ ಕಡುಕೋಪಕ್ಕೆ ಒಂದು ಹಳೆಯ ಪದವಿತ್ತು, ಗ್ರೇಮ್ ಅಂತ. ಅದನ್ನು ಬಾಯಲ್ಲಿ ಆಡುವವರು ಇಲ್ಲವಾಗಿ ಎಷ್ಟೋ ನೂರು ವರ್ಷಗಳಾಗಿವೆ. ಹೊಸದುರ್ಗದ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಎ. ಮಕ್ಕಳಿಗೆ ಹಳೆಯ ಪದ್ಯವೊಂದನ್ನು ಪಾಠ ಮಾಡುತ್ತಿದ್ದಾಗ, ಪುಸ್ತಕದ ಕೊನೆಯ ಪದಪಟ್ಟಿಯಲ್ಲಿ ಅದು ಸಿಕ್ಕಿತು. ಮುಂದಿನ ಬೆಂಚಿನ ಪ್ರೀತಿ ಕೈ ಎತ್ತಿದಳು.

"ಯಾಕೆ ಮಿಸ್ ಆ ಪದ ಹೋಯ್ತು? ಅಷ್ಟು ಸಿಟ್ಟಿರೋರು ಈಗ ಯಾರೂ ಇಲ್ವಾ?"

ನಮ್ಮನೆಗೆ ಬಾ ತಾಯಿ, ತೋರಿಸ್ತೀನಿ ಅನ್ನಬೇಕೆನಿಸಿತು. ಅನ್ನಲಿಲ್ಲ. ಅದು ಪರೀಕ್ಷೆಗೆ ಬರಲ್ಲ, ಪುಟ ತಿರುಗಿಸು ಅಂದೆ. ಹದಿನಾಲ್ಕು ವರ್ಷದಿಂದ ಅತಿಥಿ ಉಪನ್ಯಾಸಕಿ ನಾನು. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡವಳನ್ನು ಯಾರೂ ಅತಿಥಿ ಅನ್ನುವುದಿಲ್ಲ, ಕಾಲೇಜಿನವರು ಮಾತ್ರ ಅನ್ನುತ್ತಾರೆ. ಸಂಜೆ ಬಸ್ಸಿನಲ್ಲಿ ನಿಂತುಕೊಂಡು ಮಾಡದಕೆರೆಗೆ ಬಂದು, ಅಲ್ಲಿಂದ ಒಂದೂವರೆ ಮೈಲಿ ನಡೆದು ಹಟ್ಟಿ ಸೇರುವಷ್ಟರಲ್ಲಿ ನನಗೆ ಯಾರ ಸಿಟ್ಟಿನ ಬಗ್ಗೆಯೂ ಯೋಚಿಸುವ ತ್ರಾಣ ಉಳಿದಿರುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಇರುವುದೇ ಅದೊಂದು. ಅಪ್ಪನ ಸಿಟ್ಟು. ಅಪ್ಪ ಅದನ್ನು ಮರೆತಿದ್ದಾನೆ, ಅವ್ವ, ತಮ್ಮ, ನಾನು ಮೂರು ಜನ ಅದನ್ನು ಹೊತ್ತುಕೊಂಡು ತಿರುಗುತ್ತಿದ್ದೇವೆ.

ಅಪ್ಪ ಅಂದರೆ ಜುಂಜಯ್ಯ. ಎಪ್ಪತ್ತಾರು ವರ್ಷ. ಐವತ್ತು ವರ್ಷ ಕುರಿ ಕಾದವನು. ನಾವು ಚಿಕ್ಕವರಿದ್ದಾಗ ಅವನಿಗೆ ದಿನಕ್ಕೊಂದು ಸಿಟ್ಟು ಬರುತ್ತಿತ್ತು. ಮುದ್ದೆ ಗಂಟಾದರೆ ತಟ್ಟೆ ಅಂಗಳಕ್ಕೆ ಹಾರುತ್ತಿತ್ತು. ನನ್ನ ತಮ್ಮ ರಂಗೇಶ ಅಪ್ಪನ ಕೆಮ್ಮು ಕೇಳಿದರೆ ಸಾಕು, ಬೇಲಿ ಹಾರಿ ಓಡುತ್ತಿದ್ದ. ಆದರೆ ಅವು ಉಂಡು ಮಲಗುವಷ್ಟರಲ್ಲಿ ಇಳಿಯುವ ಸಿಟ್ಟುಗಳು. ಇಳಿಯದ ಸಿಟ್ಟು ಬಂದದ್ದು ಒಂದೇ ಸಲ, ಹನ್ನೆರಡು ವರ್ಷದ ಹಿಂದೆ.

ಆ ವರ್ಷ ಬೇಸಿಗೆಯಲ್ಲಿ ಅಪ್ಪ, ರಂಗೇಶ ಇಬ್ಬರೂ ಮಂದೆ ಹೊಡೆದುಕೊಂಡು ಭರಮಸಾಗರದ ಕಡೆ ಹೋಗಿದ್ದರು. ಕೆರೆ ಹಿಂದಿನ ಹೊಲಗಳಲ್ಲಿ ಬೀಡು ಬಿಟ್ಟಿದ್ದರು. ನೂರಾ ಅರವತ್ತು ಕುರಿ. ಒಂದು ದಿನ ಅಪ್ಪನಿಗೆ ಜ್ವರ ಬಂದು ಮರದ ಕೆಳಗೆ ಮಲಗಿದ. ಮಂದೆ ರಂಗೇಶನ ಕೈಗೆ ಬಂತು. ಅವನಿಗೆ ಆಗ ಇಪ್ಪತ್ತನಾಲ್ಕು. ಬದುವಿನ ಆಚೆ ಕೂಳೆ ಜೋಳ ಇತ್ತು. ಜೋಳ ಕೊಯ್ದ ಮೇಲೆ ಉಳಿದ ಬುಡ ಒಂದು ಹದ ಮಳೆಗೆ ಮತ್ತೆ ಚಿಗುರುತ್ತದಲ್ಲ, ಅದು. ನೋಡಲು ಹಸಿರಾಗಿ, ಎಳೆಯದಾಗಿ, ಕಣ್ಣಿಗೆ ತಂಪಾಗಿರುತ್ತದೆ. ಕುರಿಗೆ ವಿಷ. ನಮ್ಮಲ್ಲಿ ಮಾತು ಬರುವ ಮೊದಲೇ ಮಕ್ಕಳಿಗೆ ಅದನ್ನು ತೋರಿಸಿ ಗದರಿಸುತ್ತಾರೆ. ರಂಗೇಶ ನಿದ್ದೆಹೋದ, ಮಂದೆ ಬದು ದಾಟಿತು. ಅವನು ಹೇಳಿದ್ದು ಹಾಗೆ. ಕುರಿಗಳು ನಡುಗಿದವು, ಬಾಯಿ ತೆರೆದು ಉಸಿರಿಗೆ ಒದ್ದಾಡಿದವು, ಒಂದರ ಮೇಲೊಂದು ಬಿದ್ದವು. ಅಪ್ಪ ಎದ್ದು ಓಡಿ ಬರುವಷ್ಟರಲ್ಲಿ ನಿಂತಿದ್ದವು ಹನ್ನೊಂದು.

ಅಪ್ಪ ಕೂಗಾಡಲಿಲ್ಲ. ಕೈ ಎತ್ತಲಿಲ್ಲ. ಬಿದ್ದ ಕುರಿಗಳ ನಡುವೆ ಒಂದು ಸುತ್ತು ಹಾಕಿ, ಉಳಿದ ಹನ್ನೊಂದನ್ನು ಹೊಲದವರಿಗೇ ಬಿಟ್ಟು, ಹೆಗಲಿಗೆ ಕಂಬಳಿ ಹಾಕಿಕೊಂಡು ಹೊರಟ. ಬಸ್ಸು ಹತ್ತಲಿಲ್ಲ. ಭರಮಸಾಗರದಿಂದ ದುರ್ಗ, ದುರ್ಗದಿಂದ ಹೊಳಲ್ಕೆರೆ, ಅಲ್ಲಿಂದ ಹೊಸದುರ್ಗ ದಾಟಿ ನಮ್ಮ ಹಟ್ಟಿ, ಜ್ವರದ ಮೈಯಲ್ಲೇ ಎರಡು ಹಗಲು ಎರಡು ರಾತ್ರಿ ನಡೆದ. ರಂಗೇಶ ಅಳುತ್ತಾ ನೂರು ಮಾರು ಹಿಂದೆ ನಡೆದ. ಅಪ್ಪ ದಾರಿಯಲ್ಲಿ ಏನೂ ತಿನ್ನಲಿಲ್ಲ, ಯಾರ ಹತ್ತಿರವೂ ಒಂದು ಮಾತಾಡಲಿಲ್ಲ. ಬಸ್ಸಿನಲ್ಲಿ ಕೂತರೆ ಸಿಟ್ಟು ಇಳಿದುಬಿಡುತ್ತದೆ ಅಂತಲೇ ನಡೆದ ಅನ್ನುತ್ತಾಳೆ ಅವ್ವ. ಅಪ್ಪ ಮನೆಗೆ ಬರದೆ ನೆಟ್ಟಗೆ ನಮ್ಮ ಹಟ್ಟಿಯ ದೇವರು ಜುಂಜಪ್ಪನ ಗುಡಿಗೆ ಹೋಗಿ, ಪೂಜಾರಿ ಗೊಲ್ಲಪ್ಪಜ್ಜನ ಎದುರಿಗೆ ಕಂಬಳಿ ಹಾಸಿ, ಅದರ ಮೇಲೆ ಕೈಯಿಟ್ಟ.

"ಇವನ್ನ ನಾನು ಮುಟ್ಟಲ್ಲ. ಇವನು ನನ್ನ ಮುಟ್ಟಂಗಿಲ್ಲ. ನನ್ನ ಹೊಸಿಲು ತುಳಿಯಂಗಿಲ್ಲ. ನಾನು ಸತ್ರೆ ನನ್ನ ಮ್ಯಾಲೆ ಇವನ ಕೈಯಾಗಿನ ಮಣ್ಣು ಬೀಳಂಗಿಲ್ಲ. ಜುಂಜಪ್ಪನ ಆಣೆ."

ಅಷ್ಟೇ. ಆಮೇಲೆ ಮನೆಗೆ ಬಂದು ನೀರು ಕೇಳಿದ.

ರಂಗೇಶ ಭೀಮಸಮುದ್ರಕ್ಕೆ ಹೋದ. ಅಲ್ಲಿ ಅಡಿಕೆ ವ್ಯಾಪಾರದವರ ಟ್ರ್ಯಾಕ್ಟರ್ ಓಡಿಸುತ್ತಾನೆ. ಅಲ್ಲೇ ಮದುವೆಯಾದ, ಒಂದು ಹೆಣ್ಣು ಮಗುವೂ ಆಯಿತು. ಪ್ರತಿ ಸೋಮವಾರ ಬೈಕಿನಲ್ಲಿ ಬಂದು ನಮ್ಮ ಬೇಲಿಯ ಆಚೆ ನಿಲ್ಲುತ್ತಾನೆ. ಅವ್ವನ ಕೈಗೆ ಹಣ್ಣೋ ಬ್ರೆಡ್ಡೋ ಅಪ್ಪನ ಮಾತ್ರೆಯೋ ಕೊಟ್ಟು, ಸ್ವಲ್ಪ ಹೊತ್ತು ಅಂಗಳ ನೋಡಿ, ಹೋಗುತ್ತಾನೆ. ಹತ್ತು ವರ್ಷ ಅಪ್ಪ ಆ ಹೊತ್ತಿಗೆ ಗೋಡೆ ಕಡೆ ಮುಖ ಮಾಡಿ ಕೂರುತ್ತಿದ್ದ. ನಾನು ಈ ಮನೆಗೆ ವಾಪಸು ಬಂದದ್ದೂ ಆ ನಡುವೆಯೇ. ಗಂಡನ ಮನೆಯ ಕಥೆ ಇಲ್ಲಿ ಬೇಡ, ಅದಕ್ಕೆ ಬೇರೆ ಸಿಟ್ಟು ಬೇಕು.

ಎರಡು ವರ್ಷದಿಂದ ಅಪ್ಪನಿಗೆ ಮರೆವು ಹತ್ತಿದೆ. ಮೊದಲು ನನ್ನ ಕಾಲೇಜು ಮರೆತ, ಆಮೇಲೆ ನನ್ನ ಹೆಸರು. ಈಗ ನನ್ನನ್ನು ತನ್ನ ಅಕ್ಕ ಅಂದುಕೊಂಡಿದ್ದಾನೆ. ಖಾಲಿ ರೊಪ್ಪದ ಬಾಗಿಲಲ್ಲಿ ಕೂತು, ಮಂದೆ ಇನ್ನೂ ಬರಲಿಲ್ಲವಲ್ಲ ಅಂತ ಸಂಜೆಯಾದರೆ ದಾರಿ ನೋಡುತ್ತಾನೆ. ಆ ರೊಪ್ಪದಲ್ಲಿ ಕುರಿ ಕೂಡಿ ಹನ್ನೆರಡು ವರ್ಷವಾಯಿತು, ಮುಳ್ಳಿನ ಬೇಲಿ ಕೂಡ ಗೆದ್ದಲು ತಿಂದು ಉದುರಿದೆ. ಕಾಲೇಜಿಗೆ ರಜೆಯಿದ್ದ ಒಂದು ಸೋಮವಾರ, ಬೇಲಿಯ ಆಚೆ ನಿಂತ ರಂಗೇಶನನ್ನು ನೋಡಿ ಅಪ್ಪ ಅವ್ವನನ್ನು ಕೇಳಿದ:

"ಯಾರೇ ಅದು ಬಿಸ್ಲಾಗೆ ನಿಂತಿರೋದು? ಒಳಕ್ಕೆ ಕರಿಯೇ. ನೀರು ಕೊಡು, ಪಾಪ."

ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಬೇಲಿಯ ಹತ್ತಿರ ಹೋಗಿ, "ಬಾರೋ, ಅವನೇ ಕರೀತಿದಾನೆ" ಅಂದೆ. ರಂಗೇಶ ಅಲ್ಲಾಡಲಿಲ್ಲ.

"ಅಪ್ಪ ಮರ್ತಿದಾನೆ ಅಕ್ಕ. ದೇವ್ರು ಮರ್ತಿಲ್ವಲ್ಲ."

ನನಗೆ ಮೈಯೆಲ್ಲ ಉರಿಯಿತು. ಅಪ್ಪನಿಗೆ ಸ್ನಾನ ಮಾಡಿಸುವವಳು ನಾನು, ರಾತ್ರಿ ಮೂರು ಸಲ ಎದ್ದು ಬಚ್ಚಲಿಗೆ ಕರೆದುಕೊಂಡು ಹೋಗುವವಳು ನಾನು. ಒಂದು ಕೈ ಆಸರೆ ಸಿಕ್ಕರೆ ಸಾಕಾಗಿತ್ತು. ಆ ಕೈ ಬೇಲಿಯ ಆಚೆ ಬಾಳೆಹಣ್ಣಿನ ಚೀಲ ಹಿಡಿದು ನಿಂತಿತ್ತು.

ಹೋದ ತಿಂಗಳು ಅಪ್ಪನನ್ನು ದುರ್ಗದ ಡಾಕ್ಟರಿಗೆ ತೋರಿಸಿದೆ. ಹೃದಯ ದುರ್ಬಲವಾಗಿದೆ, ಈ ಮಳೆಗಾಲ ಕಳೆದರೆ ಹೆಚ್ಚು, ಯಾವುದಕ್ಕೂ ಉದ್ವೇಗ ಮಾಡಿಸಬೇಡಿ ಅಂದರು. ಅದನ್ನು ಫೋನಿನಲ್ಲಿ ಹೇಳಿದಾಗ ರಂಗೇಶ ಟ್ರ್ಯಾಕ್ಟರ್ ಆಫ್ ಮಾಡಿದ. ಆಮೇಲೆ ಹೇಳಿದ: "ನಂಗೇನೂ ಬ್ಯಾಡ ಅಕ್ಕ. ಹೊಲ ಬ್ಯಾಡ, ಮನೆ ಬ್ಯಾಡ. ಒಂದು ಹಿಡಿ ಮಣ್ಣು ಹಾಕಕ್ಕಾದ್ರೂ ಬಿಡ್ಬೇಕು. ಹೆಂಗಾದ್ರೂ ಮಾಡಿ ಆಣೆ ಬಿಡ್ಸು."

ನಮ್ಮ ಹಟ್ಟಿಯಲ್ಲಿ ಆಣೆ ಬಿಡಿಸಲು ಒಂದೇ ದಾರಿ. ಇಟ್ಟವನೇ ಬಿಡಬೇಕು. ಇಟ್ಟ ಜಾಗದಲ್ಲೇ ಕಂಬಳಿ ಹಾಸಿ ಕೂತು, ಯಾವುದಕ್ಕೆ ಆಣೆ ಇಟ್ಟೆ ಅಂತ ಪೂಜಾರಿ ಕೇಳಿದರೆ ಕಾರಣವನ್ನು ತನ್ನ ಬಾಯಾರೆ ಹೇಳಿ, ಬಟ್ಟಲಿನ ಹಾಲನ್ನು ನೆಲಕ್ಕೆ ಬಿಡಬೇಕು. ಆರೋಗ್ಯವಾಗಿರುವವರಿಗೆ ಸುಲಭ. ಅಪ್ಪನಿಗೆ ಕಾರಣವೇ ನೆನಪಿಲ್ಲ.

ನೆನಪು ಮಾಡಿದರಾಯಿತು ಅಂದುಕೊಂಡೆವು. ನಾವು ಮಾಡಿದ ತಪ್ಪು ಅದು. ಮೂರು ವಾರದ ಹಿಂದೆ ರಂಗೇಶನನ್ನೂ ಕರೆಸಿ, ಅಪ್ಪನನ್ನು ಗುಡಿಯ ಮುಂದೆ ಕೂರಿಸಿ, ಅವ್ವ ಮೆಲ್ಲಗೆ ಅಪ್ಪನ ಕಿವಿಯಲ್ಲಿ ಹೇಳಿದಳು: "ರಂಗ ಕುರೀನ ಕೂಳೆ ಜೋಳಕ್ಕೆ ಬಿಟ್ಟಿದ್ದ, ಮಂದೆಯೆಲ್ಲ ಹೋಯ್ತು, ಅದಕ್ಕೆ ಆಣೆ ಇಟ್ಟಿದ್ದೆ. ಈಗ ಬಿಟ್ಟೆ ಅನ್ನು."

ಅಪ್ಪ ಅವಳ ಮುಖ ನೋಡಿದ. ಅವನಿಗೆ ಅದು ಹನ್ನೆರಡು ವರ್ಷದ ಹಿಂದಿನ ಮಾತಲ್ಲ, ಈಗ ತಾನೇ ಬಂದ ಸುದ್ದಿ.

"ಎಷ್ಟು ಉಳಿದ್ವು?" ಅಂದ.

"ಹನ್ನೊಂದು."

ಆಮೇಲೆ ಏನಾಯಿತೆಂದು ಹೇಳಲು ನನಗೆ ಈಗಲೂ ಸುಸ್ತಾಗುತ್ತದೆ. ನಡೆಯಲಾರದ ಮುದುಕ ಕೋಲು ಎತ್ತಿಕೊಂಡು ಎದ್ದ. ಹಾಲಿನ ಬಟ್ಟಲು ಒದ್ದ. ಅವನ ಗಂಟಲಿನಿಂದ ಬಂದ ಸದ್ದು ಮಾತಿನ ಹಾಗಿರಲಿಲ್ಲ. ಕೋಲು ತನ್ನತ್ತ ಬರುತ್ತಿದ್ದ ಹಾಗೆ, ಮೂವತ್ತಾರು ವರ್ಷದ ರಂಗೇಶ ಹುಡುಗನ ಹಾಗೆ ಗುಡಿಯ ಬೇಲಿ ಹಾರಿ ಓಡಿದ. ಅಪ್ಪ ಅವನ ಹಿಂದೆ ಹತ್ತು ಹೆಜ್ಜೆ ಹೋಗಿ ಮುಗ್ಗರಿಸಿ ಬಿದ್ದ. ಬಿದ್ದಲ್ಲೇ ಮಣ್ಣು ಬಡಿಯುತ್ತಾ ಒಂದೊಂದು ಕುರಿಯ ಹೆಸರು ಹಿಡಿದು ಅತ್ತ. ಮಾರನೆಯ ಬೆಳಗ್ಗೆ ಎಲ್ಲ ಮರೆತಿದ್ದ. ಆದರೂ ಎರಡು ದಿನ ಊಟ ಮಾಡಲಿಲ್ಲ. ಯಾಕೆ ಬೇಡ ಅಂದರೆ, ಗೊತ್ತಿಲ್ಲ ತಾಯಿ, ಎದೆಯಾಗೆ ಏನೋ ಐತೆ ಅಂದ. ಅವನ ತಲೆ ಮರೆತದ್ದನ್ನು ಮೈ ಮರೆತಿರಲಿಲ್ಲ.

ಆಗ ನಾನೊಂದು ಉಪಾಯ ಮಾಡಿದೆ. ಕಾರಣ ಹೇಳಬೇಕು ತಾನೇ, ಚಿಕ್ಕ ಕಾರಣ ಹೇಳಿಸಿದರಾಯಿತು. ರಂಗೇಶ ಹಿರಿಯೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಕಂಬಳಿ ಕಳೆದುಬಿಟ್ಟ, ಅದಕ್ಕೆ ಆಣೆ ಇಟ್ಟಿದ್ದೆ ಅಂತ ಅಪ್ಪನಿಗೆ ಹೇಳಿಕೊಡೋಣ ಅಂದೆ. ಅವ್ವ ಕೆನ್ನೆ ಬಡಿದುಕೊಂಡಳು.

"ದೇವ್ರ ಮುಂದೆ ಸುಳ್ಳು ಹೇಳ್ಸಾಣ ಅಂತೀಯಾ? ಅದಕ್ಕೇನೇ ಇಷ್ಟು ಓದಿದ್ದು?"

"ಅವ್ವ, ನಿಜ ಹೇಳ್ಸಿ ಅವನ್ನ ಸಾಯಿಸ್ತೀಯಾ? ದೇವ್ರಿಗೆ ನಿಜ ಗೊತ್ತೈತೆ. ಅದಕ್ಕೆ ಬೇರೆ ನಾವು ಹೇಳ್ಬೇಕಾ?" ನಾನೂ ಜುಂಜಯ್ಯನ ಮಗಳೇ, ಕೈಯಲ್ಲಿದ್ದ ಚೊಂಬನ್ನು ಕುಕ್ಕಿದೆ. ಅವ್ವ ಆಗಲಿ ಅಂದಳು, ಒಪ್ಪಿ ಅಲ್ಲ, ಅವಳಿಗೂ ಸಾಕಾಗಿತ್ತು.

ಗೊಲ್ಲಪ್ಪಜ್ಜನಿಗೆ ಎಂಬತ್ತು ದಾಟಿದೆ. ಗುಡಿಯ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿ, ಎಲೆ ಉಗಿದು ಬಂದು ಹೇಳಿದ: "ನಾನು ಕೇಳೋದು ಕೇಳ್ತೀನಿ. ಅವನ ಬಾಯಾಗೆ ಏನು ಬತ್ತದೋ ಅದು ಅವನಿಗೂ ಜುಂಜಪ್ಪಗೂ ಬಿಟ್ಟಿದ್ದು. ಇನ್ನೇನು, ನಾನೂ ಎಷ್ಟು ದಿನ ಇರ್ತೀನೋ. ಮುಗ್ಸಿ ಅತ್ಲಾಗೆ." ರಂಗೇಶನಿಗೆ ಫೋನಿನಲ್ಲಿ ಹೇಳಿದೆ. ಹೂಂ ಅಂದ, ಅಷ್ಟೇ. ಖುಷಿಯಾಗುತ್ತಾನೆ ಅಂದುಕೊಂಡಿದ್ದವಳಿಗೆ ಆ ಹೂಂ ಸ್ವಲ್ಪ ಚುಚ್ಚಿತು.

ಮೊನ್ನೆ ಸೋಮವಾರ ಕಾಲೇಜಿಗೆ ರಜೆ ಹಾಕಿದೆ. ಬೆಳಗ್ಗೆ ಅಪ್ಪನಿಗೆ ಎಣ್ಣೆ ಹಚ್ಚಿ ನೀರು ಹಾಕಿ, ಮಡಿ ಪಂಚೆ ಉಡಿಸಿದೆ. ಕೋಲನ್ನು ಅಟ್ಟದ ಮೇಲೆ ಇಟ್ಟು, ನನ್ನ ಹೆಗಲು ಹಿಡಿಸಿ ಗುಡಿಗೆ ಕರೆದುಕೊಂಡು ಹೊರಟೆ. ದಾರಿಯುದ್ದಕ್ಕೂ ಮಗುವಿಗೆ ಮಗ್ಗಿ ಹೇಳಿಕೊಡುವ ಹಾಗೆ ಹೇಳಿಕೊಟ್ಟೆ. ಏನು ಕಳೆದ? ಕಂಬಳಿ ಕಳೆದ. ಎಲ್ಲಿ ಕಳೆದ? ಹಿರಿಯೂರಿನಲ್ಲಿ ಕಳೆದ. ಅಪ್ಪನಿಗೆ ಆಟದ ಹಾಗೆ ಇತ್ತು, ನಗುತ್ತಿದ್ದ.

ಗುಡಿಯ ಮುಂದೆ ಗೊಲ್ಲಪ್ಪಜ್ಜ ಕಂಬಳಿ ಹಾಸಿದ್ದ. ಅಪ್ಪನನ್ನು ಕೂರಿಸಿ ಕೈಗೆ ಹಾಲಿನ ಬಟ್ಟಲು ಕೊಟ್ಟೆವು. ರಂಗೇಶ ನಾಲ್ಕು ಮಾರು ದೂರದಲ್ಲಿ, ಬಿಳಿ ಅಂಗಿ ಹಾಕಿಕೊಂಡು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಅಪ್ಪನ ಹತ್ತಿರ ಎಲ್ಲೇ ನಿಂತರೂ ಅವನು ಕೈ ಹಾಗೆ ಕಟ್ಟಿಕೊಳ್ಳುತ್ತಾನೆ, ಮರೆತು ಮುಟ್ಟಿಬಿಟ್ಟೇನೆಂಬ ಭಯಕ್ಕೆ.

"ಜುಂಜಯ್ಯ, ಮಗನ ಮ್ಯಾಲೆ ಆಣೆ ಇಟ್ಟಿದ್ದೆ. ಯಾವುದಕ್ಕೆ ಇಟ್ಟಿದ್ದೆ?" ಗೊಲ್ಲಪ್ಪಜ್ಜ ಕೇಳಿದ.

ಅಪ್ಪ ನನ್ನ ಕಡೆ ನೋಡಿದ. ನಾನು ತುಟಿ ಅಲ್ಲಾಡಿಸಿದೆ.

"ಕಂಬ್ಳಿ ಕಳ್ದನಂತೆ. ಹಿರಿಯೂರಾಗೆ." ಹೇಳಿದವನೇ ಜೋರಾಗಿ ನಕ್ಕ. "ಇಷ್ಟಕ್ಕೆ ಆಣೆ ಇಟ್ಟೆನಾ? ಒಂದು ಕಂಬ್ಳಿಗೆ? ಎಂಥ ತಿಕ್ಕಲು ಮುದುಕನಯ್ಯಾ ನಾನು! ಬಿಟ್ಟೆ ತಗಳ್ರಪ್ಪ."

ಬಟ್ಟಲು ಓರೆಯಾಯಿತು. ಅವ್ವ ಕಣ್ಣು ಮುಚ್ಚಿಕೊಂಡು ಕೈ ಮುಗಿದಳು. ಹನ್ನೆರಡು ವರ್ಷ ಮುಗಿಯಲು ಇನ್ನು ಒಂದು ಗುಟುಕು ಹಾಲು ಬೀಳಬೇಕಿತ್ತು, ಅಷ್ಟೇ.

"ಬ್ಯಾಡ ಅಪ್ಪ," ಅಂದ ರಂಗೇಶ.

ನಾನು ತಿರುಗಿ ನೋಡಿದೆ. ಬಾಯಿ ಮುಚ್ಚೋ ಅಂತ ಕಣ್ಣಲ್ಲೇ ಗದರಿಸಿದೆ. ಅವನು ನನ್ನ ಕಡೆ ನೋಡಲೇ ಇಲ್ಲ. ಹತ್ತಿರ ಬಂದು ಕಂಬಳಿಯ ಅಂಚಿನಲ್ಲಿ ನಿಂತ.

"ಹಾಲು ಬಿಡಬ್ಯಾಡ. ನಾನು ಕಂಬ್ಳಿ ಕಳ್ದಿಲ್ಲ. ಕಳೀದೇ ಇರೋ ಕಂಬ್ಳಿಗೆ ನನ್ನ ಬಿಟ್ರೆ ನಾನು ಏನು ತಗಂಡೋಗಾಣ ಮನಿಗೆ? ಮಂದೇನ ಕೂಳೆ ಜೋಳಕ್ಕೆ ಬಿಟ್ಟೆ ಅಪ್ಪ. ನಿದ್ದೆ ಬಂದಿತ್ತು ಅಂದಿದ್ದೆ, ಅದೂ ಸುಳ್ಳು. ಫೋನು ಚಾರ್ಜ್ ಹಾಕಾಕೆ ಭರಮಸಾಗರದ ಟೀ ಅಂಗಡಿಗೆ ಹೋಗಿದ್ದೆ. ಬದುವಿನ ಆಚೆ ಕೂಳೆ ಜೋಳ ಐತೆ ಅಂತ ಗೊತ್ತಿತ್ತು. ಹತ್ತು ನಿಮಿಷಕ್ಕೆ ಏನಾಯ್ತದೆ ಅಂದ್ಕಂಡೆ. ಟೀನೂ ಕುಡ್ದೆ. ನಾನು ಬರಾ ಹೊತ್ತಿಗೆ ಮುಂದ್ಲವು ಬಿದ್ದಿದ್ವು."

ಟೀ ಅಂಗಡಿಯ ವಿಷಯ ನಮಗಾರಿಗೂ ಗೊತ್ತಿರಲಿಲ್ಲ. ಹನ್ನೆರಡು ವರ್ಷ ಅದನ್ನೊಂದನ್ನು ಅವನು ಒಬ್ಬನೇ ಇಟ್ಟುಕೊಂಡಿದ್ದ. ನನಗೆ ಅವನ ಮೇಲೆ ಹೇಳಲಾರದಷ್ಟು ಸಿಟ್ಟು ಬಂತು, ಮಾಡಿದ್ದಕ್ಕೂ, ಈಗ ಹೇಳಿದ್ದಕ್ಕೂ. ಇನ್ನೊಂದು ಗಳಿಗೆ ಬಾಯಿ ಬಿಗಿಹಿಡಿದಿದ್ದರೆ ಎಲ್ಲ ಮುಗಿಯುತ್ತಿತ್ತಲ್ಲ.

ಅಪ್ಪನ ಮುಖದ ನಗು ಹೋಯಿತು. ಬಟ್ಟಲನ್ನು ಚೆಲ್ಲದ ಹಾಗೆ ಕೆಳಗಿಟ್ಟ.

"ಎಷ್ಟು ಉಳಿದ್ವು?"

"ಹನ್ನೊಂದು, ಅಪ್ಪ."

ಅಪ್ಪ ಎದ್ದ. ಯಾರ ಆಸರೆಯೂ ಇಲ್ಲದೆ ಎದ್ದ. ಕೋಲಿಗೆ ತಡಕಾಡಿದ, ಕೋಲಿರಲಿಲ್ಲ. ನಾನು ಅಡ್ಡ ಹೋಗಬೇಕೆಂದು ಹೆಜ್ಜೆ ಎತ್ತಿದೆ, ಗೊಲ್ಲಪ್ಪಜ್ಜ ನನ್ನ ಮುಂಗೈ ಹಿಡಿದ. ಈ ಸಲ ರಂಗೇಶ ಓಡಲಿಲ್ಲ. ಅವನ ಕಾಲು ಓಡಲು ಎಳೆಯುತ್ತಿದ್ದದ್ದು ನನಗೆ ಕಾಣುತ್ತಿತ್ತು, ಹಿಮ್ಮಡಿ ಎರಡು ಸಲ ಎದ್ದು ಮತ್ತೆ ನೆಲಕ್ಕೆ ಊರಿತು. ಅಪ್ಪನ ಅಂಗೈ ಅವನ ಕೆನ್ನೆಗೆ ಬಿತ್ತು. ಮತ್ತೊಂದು ಕಿವಿಗೆ ಬಿತ್ತು.

"ಲೇ ರಂಗ!" ಅಂದ ಅಪ್ಪ.

ಎರಡು ವರ್ಷದಿಂದ ಅವನ ಬಾಯಲ್ಲಿ ನಮ್ಮ ಯಾರ ಹೆಸರೂ ಬಂದಿರಲಿಲ್ಲ.

"ಲೇ ರಂಗ, ನಿನ್ನ ಎದೆ ಮ್ಯಾಲೆ ಕುಂದ್ರುಸ್ಕಂಡು ತೋರ್ಸಿದ್ನಲ್ಲಲೇ ಕೂಳೆ ಜೋಳಾನ! ಇದು ವಿಷ ಮಗಾ ಅಂತ ಹೇಳಿದ್ನಲ್ಲಲೇ! ಬಸುರಿ ಕುರಿ ಎಷ್ಟಿದ್ವಲೇ ಅದ್ರಾಗೆ! ಟೀ ಕುಡ್ದೇನಲೇ, ಟೀ!"

ಒಂದೊಂದು ಮಾತಿಗೂ ಒಂದೊಂದು ಏಟು. ಕೆನ್ನೆಗೆ, ಹೆಗಲಿಗೆ, ಎದೆಗೆ. ಮೊದಲಿನ ಏಟುಗಳಿಗೆ ಸದ್ದಿತ್ತು. ಆಮೇಲೆ ಬರೀ ತಟ್ಟಿದ ಹಾಗೆ ಆದವು. ಅಪ್ಪನ ಉಸಿರು ಸಿಳ್ಳೆ ಹೊಡೆಯುತ್ತಿತ್ತು. ನನಗೆ ಡಾಕ್ಟರ ಮಾತು ನೆನಪಾಯಿತು, ಇಲ್ಲೇ, ಈಗಲೇ ಹೋಗುತ್ತಾನೆ ಅಂದುಕೊಂಡೆ. ಕೊನೆಗೆ ಅವನು ಎತ್ತಿದ ಕೈ ಬೀಳಲೇ ಇಲ್ಲ, ರಂಗೇಶನ ಅಂಗಿಯ ಕಾಲರನ್ನು ಹಿಡಿದುಕೊಂಡಿತು. ಮೊಣಕಾಲು ಮಡಚಿತು. ಆ ಕಾಲರಿನಿಂದಲೇ ನೇತಾಡುತ್ತಾ ಮೆಲ್ಲಗೆ ಕುಸಿಯತೊಡಗಿದ.

ರಂಗೇಶನ ಕೈ ಇನ್ನೂ ಬೆನ್ನ ಹಿಂದೆಯೇ ಇದ್ದವು. ಬೆರಳಿನ ಗಿಣ್ಣು ಬಿಳಿಚಿಕೊಳ್ಳುವಷ್ಟು ಬಿಗಿಯಾಗಿ ಒಂದನ್ನೊಂದು ಹಿಡಿದಿದ್ದವು. ಅವನು ಗೊಲ್ಲಪ್ಪಜ್ಜನ ಕಡೆ ನೋಡಿದ. ಆ ನೋಟವನ್ನು ನಾನು ಯಾರ ಮುಖದಲ್ಲೂ ಕಂಡಿಲ್ಲ, ಮತ್ತೆ ಕಾಣುವುದೂ ಬೇಡ.

"ಏನು ನೋಡ್ತೀಯಲೇ ಬೆಪ್ಪ?" ಗೊಲ್ಲಪ್ಪಜ್ಜ ಕಿರುಚಿದ. "ಮುಟ್ಟಲ್ಲ ಅಂದೋನೇ ಮುಟ್ಟವ್ನೆ, ಇನ್ನೆಲ್ಲಿ ಆಣೆ? ತಪ್ಪಿಗೆ ನಾನು ಕಾಯಿ ಒಡಿತೀನಿ, ಹಿಡ್ಕಳಲೇ ನಿಮ್ಮಪ್ಪನ್ನ!"

ರಂಗೇಶನಿಗೆ ಕೈ ಬಿಡಿಸಿಕೊಳ್ಳಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅಪ್ಪನ ಕಂಕುಳಿಗೆ ತೋಳು ಹಾಕಿ, ಇಡೀ ಮೈಯನ್ನು ತನ್ನ ಮೇಲೆ ತೆಗೆದುಕೊಂಡು, ಹಾಗೇ ನೆಲಕ್ಕೆ ಕೂತ. ಅಪ್ಪ ಅವನ ಎದೆಗೆ ಒರಗಿದ. ನಾನು ಓಡಿಹೋಗಿ ನಾಡಿ ಹಿಡಿದು ನೋಡಿದೆ. ಓಡುತ್ತಿತ್ತು, ನಿಂತಿರಲಿಲ್ಲ. ಅಪ್ಪನ ಸಿಟ್ಟೂ ಇಳಿದಿರಲಿಲ್ಲ. ಕಣ್ಣು ಮುಚ್ಚಿಕೊಂಡೇ, ಏದುಸಿರು ಬಿಡುತ್ತಲೇ, ಕೇಳಿಸಿಯೂ ಕೇಳಿಸದಂಥ ದನಿಯಲ್ಲಿ ಬೈಯುತ್ತಿದ್ದ, ಮುಂಡೇಗಂಡ, ಮನೆಹಾಳ, ಕುರಿ ತಿಂದೋನೆ. ರಂಗೇಶ ಅವನ ತಲೆಯ ಮೇಲೆ ಗಲ್ಲ ಇಟ್ಟುಕೊಂಡು, ಒಂದೊಂದು ಬೈಗುಳಕ್ಕೂ, "ಹೂಂ ಅಪ್ಪ... ಹೂಂ ಅಪ್ಪ..." ಅನ್ನುತ್ತಿದ್ದ.